ಇದರ ನೀರು ಎಲ್ಲಿಂದ ಬರ್ತದೆ ಸಾರ್?

ಪ್ರತಿ ಲಾಂಗ್ ವೀಕೆಂಡಿಗೆ ಮೊದಲು ನಮ್ಮ ಟೀಮಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಚರ್ಚೆ ನಡೆಯುತ್ತದೆ. ಕೊಡಗಿಗೆ ಕ್ಯಾಂಪಿಂಗ್ ಹೋಗೋದಂತೂ ಖಾಯಂ. ಟೆಂಟ್ ಇದೆ, ಸ್ಲೀಪಿಂಗ್ ಬ್ಯಾಗ್ ಇದೆ, ಬಾರ್ಬೆಕ್ಯೂ ಒಲೆ ಇದೆ. ಆಗ ಯಾರೋ ಒಬ್ಬ ಕೇಳುತ್ತಾನೆ, "ಬಿಸಿನೀರಿಗೆ ಏನ್ ಮಾಡೋದು ಗುರೂ?" ಅಷ್ಟೇ, ಲಿಂಕುಗಳ ಸುರಿಮಳೆ. ಗ್ಯಾಸ್ ಸಿಲಿಂಡರಿಗೆ ಸಿಕ್ಕಿಸುವ ಪೋರ್ಟಬಲ್ ಶವರ್, ಕಾರಿನ ಸಾಕೆಟ್ಟಿಗೆ ಚುಚ್ಚುವ ಹೀಟರ್, ಬಿಸಿಲಿಗೆ ನೇತುಹಾಕುವ ಕಪ್ಪು ಚೀಲ. ಇರೋರೆಲ್ಲ ಇಂಜಿನಿಯರುಗಳೇ ಆದ್ದರಿಂದ ಒಬ್ಬ ಸ್ಪ್ರೆಡ್‌ಶೀಟನ್ನೂ ತಯಾರಿಸುತ್ತಾನೆ. ಆ ಒಬ್ಬ ನಾನೇ.

ಬೆಲೆ, ತೂಕ, ನಿಮಿಷಕ್ಕೆ ಎಷ್ಟು ಲೀಟರ್, ಎಷ್ಟು ಡಿಗ್ರಿ ಏರಿಸುತ್ತದೆ, ರೇಟಿಂಗ್ ಎಷ್ಟು ಅಂತ ಕಾಲಂ ಮೇಲೆ ಕಾಲಂ ಹಾಕಿದ್ದೆ. ಇರಲೇಬೇಕಿದ್ದ ಒಂದು ಕಾಲಂ ಮಾತ್ರ ನನಗೆ ಹೊಳೆಯಲಿಲ್ಲ. ಅದನ್ನು ನೆನಪಿಸಿದ್ದು ಕಕ್ಕಬ್ಬೆ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿರುವ ಒಬ್ಬ ಅಕ್ಕ.

ಅದು 2024ರ ಮಾರ್ಚ್. ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಬಿಟ್ಟರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕರ್ ಬಂದರೆ ಜನ ಬಾಲ್ಕನಿಗೆ ಬಂದು ನೋಡುತ್ತಿದ್ದರು. "ಇಲ್ಲಿ ನೀರಿಲ್ಲ, ಹೆಂಗೂ ವರ್ಕ್ ಫ್ರಮ್ ಹೋಮ್ ಇದೆ, ಕೊಡಗಿಗೆ ಹೋಗೋಣ" ಅಂದ ಒಬ್ಬ. ಆರು ಜನ ಹೊರಟೆವು. ಡಿಕ್ಕಿಯಲ್ಲಿ ನನ್ನ ಹೊಸ ಗ್ಯಾಸ್ ಶವರ್ ಇತ್ತು. ಬೆಲೆ ಹದಿನಾಲ್ಕು ಸಾವಿರ. ಸ್ಪ್ರೆಡ್‌ಶೀಟಿನಲ್ಲಿ ಫಸ್ಟ್ ರ‍್ಯಾಂಕ್ ಬಂದಿದ್ದು ಅದೇ.

ಕಾಡಿನೊಳಗೆ ಅನುಮತಿ ಇಲ್ಲದೆ ಟೆಂಟ್ ಹಾಕುವಂತಿಲ್ಲ. ಹಾಗಾಗಿ ಕೊಡಗಿನಲ್ಲಿ ಕ್ಯಾಂಪಿಂಗ್ ಅಂದರೆ ಹೆಚ್ಚಾಗಿ ಯಾರದೋ ತೋಟದ ಮೂಲೆ. ನಮಗೆ ಸಿಕ್ಕಿದ್ದೂ ಅದೇ. ಹೂಮಳೆ ಇನ್ನೂ ಬಂದಿರಲಿಲ್ಲ, ಪಕ್ಕದ ತೋಡು ಕಲ್ಲುಗಳ ಮಧ್ಯೆ ದಾರದ ಹಾಗೆ ಹರಿಯುತ್ತಿತ್ತು. ಸಾಲದ್ದಕ್ಕೆ ಆವತ್ತು ಕರೆಂಟೂ ಇಲ್ಲ. ಬಾವಿಯ ಮೋಟಾರ್ ಓಡಲಿಲ್ಲ. ಲೈನ್ ಮನೆಯ ಅಕ್ಕ ನೀರು ತಂದುಕೊಡುತ್ತಾರೆ ಅಂತ ತೋಟದವರು ಹೇಳಿದರು. ನಾವು "ಓಕೆ" ಅಂದೆವು. ಎಷ್ಟು ಸಲೀಸಾಗಿ ಅಂದೆವು ಅನ್ನೋದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೊದಲ ಕೊಡ ಹೊತ್ತು ತಂದ ಅಕ್ಕ, ನಾವು ಜೋಡಿಸುತ್ತಿದ್ದ ಯಂತ್ರವನ್ನು ಸ್ವಲ್ಪ ಹೊತ್ತು ನೋಡಿದರು. ಪೈಪು, ಪಂಪು, ಡಿಜಿಟಲ್ ಡಿಸ್‌ಪ್ಲೇ. ಆಮೇಲೆ ಕೇಳಿದರು, "ಇದರ ನೀರು ಎಲ್ಲಿಂದ ಬರ್ತದೆ ಸಾರ್?"

"ಬಕೆಟ್ಟಿಂದ ಅಕ್ಕಾ. ಪಂಪು ಎಳ್ಕೊಳ್ಳುತ್ತೆ, ಗ್ಯಾಸು ಬಿಸಿ ಮಾಡುತ್ತೆ."

"ಬಕೆಟ್ಟಿಗೆ?"

ವ್ಯಂಗ್ಯ ಅಲ್ಲ ಸ್ವಾಮಿ, ನಿಜವಾಗಿಯೂ ಕೇಳಿದ್ದು. ಇಷ್ಟು ದೊಡ್ಡ ಯಂತ್ರ ನೀರನ್ನೂ ತಾನೇ ಎಲ್ಲಿಂದಲೋ ತರುತ್ತದೆ ಅಂತ ಅವರು ನಂಬಿದ್ದರು. ಯಾರೂ ಉತ್ತರ ಕೊಡಲಿಲ್ಲ. ಅವರು ಖಾಲಿ ಕೊಡ ಎತ್ತಿಕೊಂಡು ಮತ್ತೆ ಬಾವಿ ಕಡೆ ನಡೆದರು.

ರಾತ್ರಿ ಟೆಂಟಿನಲ್ಲಿ ಮಲಗಿ ಲೆಕ್ಕ ಹಾಕಿದೆ. ಶವರ್ ನಿಮಿಷಕ್ಕೆ 5 ಲೀಟರ್ ಬಿಡುತ್ತದೆ. ತಲಾ 10 ನಿಮಿಷ, ಆರು ಜನ: 300 ಲೀಟರ್. ಕೊಡಕ್ಕೆ 15 ಲೀಟರ್ ಹಿಡಿದರೂ 20 ಕೊಡ. ಆ ಅಕ್ಕ ನಮ್ಮ ಮೈ ತೊಳೆಯಲು ಬಾವಿಗೂ ಬಯಲಿಗೂ 20 ಸಲ ನಡೆದಿದ್ದರು. ಮರುದಿನ ಬೆಳಗ್ಗೆ ಲೈನ್ ಮನೆ ಮುಂದೆ ಹಾದುಹೋಗುವಾಗ ನೋಡಿದೆ. ಮೂರು ಕಲ್ಲಿನ ಒಲೆಯ ಮೇಲೆ ಒಂದು ಅಲ್ಯೂಮಿನಿಯಂ ಪಾತ್ರೆ. ಅವರ ಮನೆಯ ನಾಲ್ಕು ಜನರ ಸ್ನಾನದ ನೀರು ಅಷ್ಟೇ.

ಅವತ್ತಿನಿಂದ ನನ್ನದೊಂದು ವಾದ. ಕೊಡಗಿನಂಥ ಜಾಗಕ್ಕೆ ಶವರ್ ಒಯ್ಯುವವರು ತಪ್ಪು ಸಮಸ್ಯೆಯನ್ನು ಬಿಡಿಸುತ್ತಿದ್ದಾರೆ. ನೀರು ಬಿಸಿ ಮಾಡುವುದು ಒಂದು ಸಮಸ್ಯೆಯೇ ಅಲ್ಲ. ನೀರು ಯಾರು ತರುತ್ತಾರೆ, ಮೈಮೇಲಿಂದ ಇಳಿದ ನೀರು ಎಲ್ಲಿಗೆ ಹೋಗುತ್ತದೆ, ಇವೆರಡೇ ಸಮಸ್ಯೆ. ಅದಕ್ಕೆ ಯಾವ ಕಂಪನಿಯ ಯಂತ್ರದಲ್ಲೂ ಗುಂಡಿ ಇಲ್ಲ.

ಬಿಸಿ ಮಾಡುವ ಲೆಕ್ಕ ಎಷ್ಟು ಸುಲಭ ನೋಡಿ. ಒಬ್ಬರು ತಂಬಿಗೆಯಲ್ಲಿ ಹುಯ್ದುಕೊಂಡು ನೆಮ್ಮದಿಯಾಗಿ ಸ್ನಾನ ಮಾಡಲು 12 ಲೀಟರ್ ಧಾರಾಳ. ಬಾವಿ ನೀರು 20 ಡಿಗ್ರಿ ಇದೆ, ನಮಗೆ 40 ಡಿಗ್ರಿ ಬೇಕು ಅಂತಿಟ್ಟುಕೊಳ್ಳಿ. 12 ಲೀಟರನ್ನೂ ಕಾಯಿಸಬೇಕಿಲ್ಲ. ಸುಮಾರು 3 ಲೀಟರ್ ಮಾತ್ರ ಕುದಿಸಿ, 9 ಲೀಟರ್ ತಣ್ಣೀರಿಗೆ ಬೆರೆಸಿ. ಹದ ಸಿಕ್ಕಿತು. ನೀವು ಹೇಗೂ ಕಾಫಿ ಕಾಯಿಸಲು, ಮ್ಯಾಗಿ ಬೇಯಿಸಲು ತರುವ ಸಣ್ಣ ಗ್ಯಾಸ್ ಒಲೆ ಇದಕ್ಕೆ ಸಾಕು. ಅರ್ಧ ಶಾಖ ಗಾಳಿಗೆ ಹೋಯಿತು ಅಂದುಕೊಂಡರೂ ಒಂದು ಸ್ನಾನಕ್ಕೆ 45 ಗ್ರಾಂ ಗ್ಯಾಸ್. 230 ಗ್ರಾಮಿನ ಒಂದು ಕ್ಯಾನಿನಲ್ಲಿ ಐದು ಸ್ನಾನ. ಆರು ಜನಕ್ಕೆ ಒಟ್ಟು ನೀರು 72 ಲೀಟರ್, ಅಂದರೆ ಐದು ಕೊಡ. ಇಪ್ಪತ್ತಲ್ಲ, ಐದು.

ಈಗ ಉಳಿದ ಯಂತ್ರಗಳನ್ನು ನೋಡೋಣ. ಕಾರಿನ ಸಾಕೆಟ್ಟಿಗೆ ಹಾಕುವ ಹೀಟರ್: ಅದೇ 12 ಲೀಟರನ್ನು 20 ಡಿಗ್ರಿ ಏರಿಸಲು 280 ವ್ಯಾಟ್-ಅವರ್ ಬೇಕು. ಸಾಮಾನ್ಯ ಕಾರಿನ ಸಾಕೆಟ್ 120 ವ್ಯಾಟ್ ಕೊಡುತ್ತದೆ. ಒಬ್ಬರ ಸ್ನಾನಕ್ಕೆ ಎರಡು ಗಂಟೆಗೂ ಮೇಲೆ. ಇಂಜಿನ್ ಆಫ್ ಮಾಡಿಟ್ಟರೆ 45 ಆಂಪಿಯರ್-ಅವರ್ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಖಾಲಿ. ಆಮೇಲೆ ವಿರಾಜಪೇಟೆಯಿಂದ ಮೆಕ್ಯಾನಿಕ್‌ನನ್ನು ಕರೆಸುತ್ತಾ ಕೂತಿರಿ.

ಸೋಲಾರ್ ಚೀಲ ತತ್ವದಲ್ಲಿ ಒಳ್ಳೆಯದೇ. ಆದರೆ ಕೊಡಗಿನ ಕಾಫಿ ನೆರಳಿನಲ್ಲಿ ಬೆಳೆಯುವಂಥದ್ದು. ತೋಟದೊಳಗೆ ಬಿಸಿಲು ಎಲ್ಲಿ ಬಂತು? ಬಯಲಲ್ಲಿ ಇಟ್ಟರೂ ಮೂರು ನಾಲ್ಕು ಗಂಟೆ ಒಳ್ಳೆಯ ಬಿಸಿಲು ಬೇಕು. ತಡಿಯಂಡಮೋಳ್ ಹತ್ತಿಳಿದು ನೀವು ಸಂಜೆ ವಾಪಸ್ ಬರುವ ಹೊತ್ತಿಗೆ ಅದು ಮತ್ತೆ ತಣ್ಣಗಾಗಿರುತ್ತದೆ. ಕಕ್ಕಡದ ಮಳೆಯಲ್ಲಂತೂ ಚೀಲ ಮನೆಯಲ್ಲೇ ಇರಲಿ.

ಗ್ಯಾಸ್ ಶವರಿನ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಚಳಿ ಅಂತ ಅದನ್ನು ಟೆಂಟಿನೊಳಗೆ, ಜಿಪ್ ಎಳೆದ ಪ್ರೈವೆಸಿ ಟೆಂಟಿನೊಳಗೆ ಇಟ್ಟುಕೊಳ್ಳುವವರಿದ್ದಾರೆ. ಗಾಳಿಯಾಡದ ಜಾಗದಲ್ಲಿ ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತಿತು ಅನ್ನುವಷ್ಟರಲ್ಲಿ ಕೈಕಾಲು ಆಡುವುದಿಲ್ಲ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್‌ನಿಂದ ಸತ್ತವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿಯೂ ಅದೇ ಬಚ್ಚಲನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಕೊಡಗಿಗೆ ಬರುತ್ತೇವೆ. ಯಾವ ಗ್ಯಾಸ್ ಉರಿಯೂ ಟೆಂಟಿನ ಹೊರಗೇ ಇರಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ತರಗೆಲೆ ಗುಡಿಸಿ, ಬರೀ ನೆಲದ ಮೇಲೇ ಇರಬೇಕು. ಒಂದು ಕಿಡಿಗೆ ಗುಡ್ಡ ಹೊತ್ತಿಕೊಳ್ಳುವ ಕಾಲ ಅದು.

ಇನ್ನು ಇಳಿದು ಹೋಗುವ ನೀರು. "ತೋಡಿನ ಪಕ್ಕದಲ್ಲೇ ಶವರ್ ಹಾಕೋಣ, ನೀರು ತಗೊಳ್ಳೋದೂ ಸುಲಭ, ಬಿಡೋದೂ ಸುಲಭ" ಅಂತ ನಾವೂ ಯೋಚಿಸಿದ್ದೆವು. ಆ ತೋಡು ಕಕ್ಕಬ್ಬೆ ಹೊಳೆಗೆ, ಹೊಳೆ ಕಾವೇರಿಗೆ, ಕಾವೇರಿ ಕೆಆರ್‌ಎಸ್‌ಗೆ. ಅಲ್ಲಿಂದ ಕೆಳಗೆ ತೊರೆಕಾಡನಹಳ್ಳಿಯಲ್ಲಿ ಎತ್ತಿ, ಸುಮಾರು 100 ಕಿಲೋಮೀಟರ್ ಪಂಪ್ ಮಾಡಿ, ನಮ್ಮದೇ ಅಡುಗೆಮನೆಯ ನಲ್ಲಿಗೆ. ತುಲಾ ಸಂಕ್ರಮಣದಂದು ತಲಕಾವೇರಿಯ ಕುಂಡಿಕೆಯ ಮುಂದೆ ನೂಕುನುಗ್ಗಲಲ್ಲಿ ನಿಂತು ಬಾಟಲಿಯಲ್ಲಿ ತೀರ್ಥ ಹಿಡಿಯುವವರು ನಾವೇ. ನಾಲ್ಕು ತಿಂಗಳ ನಂತರ ಅದೇ ನದಿಯ ಮಗುವಿಗೆ ಶಾಂಪೂ ಕುಡಿಸುವವರೂ ನಾವೇ. 'ಬಯೋಡಿಗ್ರೇಡಬಲ್' ಅಂತ ಬರೆದ ಸೋಪಾದರೂ ಅದು ಕರಗಿ ಕೊಳೆಯಬೇಕಾದ್ದು ಮಣ್ಣಿನಲ್ಲಿ, ಹೊಳೆಯಲ್ಲಲ್ಲ. ಹೊಳೆಯಿಂದ ಕನಿಷ್ಠ 60 ಮೀಟರ್, ಅಂದರೆ ಎಂಬತ್ತು ಹೆಜ್ಜೆ ದೂರ ಹೋಗಿ ಮೀಯಿರಿ. 12 ಲೀಟರ್ ಆದರೆ ನೆಲ ಕುಡಿಯುತ್ತದೆ. 50 ಲೀಟರ್ ಆದರೆ ಇಳಿಜಾರು ಹುಡುಕಿಕೊಂಡು ಹರಿಯುತ್ತದೆ.

"ಕೊಡಗಿನಲ್ಲಿ ನೀರಿಗೇನು ಬರ" ಅನ್ನುವವರಿಗೆ ಒಂದು ಮಾತು. ಮಡಿಕೇರಿಗೆ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ನಿಜ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಇಳಿದು ಹೋಗುತ್ತದೆ. 2018ರ ಆಗಸ್ಟಿನಲ್ಲಿ ಅದೇ ನೀರು ಗುಡ್ಡಗಳನ್ನೇ ಜಾರಿಸಿತು. ನಾವು ಟೆಂಟ್ ಹೊತ್ತು ಬರುವುದು ಮಳೆಗಾಲದಲ್ಲಲ್ಲ. ಜಿಗಣೆ ಇಲ್ಲದ, ದಾರಿ ಒಣಗಿದ ತಿಂಗಳುಗಳಲ್ಲಿ. ಬಾವಿಯ ತಳ ಕಾಣುವುದೂ ಅದೇ ತಿಂಗಳುಗಳಲ್ಲಿ.

ಇಷ್ಟು ಹೇಳಿದರೆ ನನ್ನ ಫ್ರೆಂಡ್ಸ್ ಎರಡು ಮಾತು ಎಸೆಯುತ್ತಾರೆ. ಮೊದಲನೆಯದು, "ದುಡ್ಡು ಕೊಟ್ಟಿದ್ದೀವಲ್ಲ. ಅವರಿಗೂ ಸಂಪಾದನೆ ಆಯ್ತಲ್ಲ." ಕೊಟ್ಟಿದ್ದು ಯಾರಿಗೆ? ಜಾಗದ ಬಾಡಿಗೆ ಕೊಟ್ಟೆವು. ನೀರಿನ ಲೆಕ್ಕ ಬಿಲ್ಲಿನಲ್ಲಿ ಇರಲೇ ಇಲ್ಲ. ನನ್ನ ಯಂತ್ರದ ಬೆಲೆ ಆ ಅಕ್ಕನ ಒಂದು ತಿಂಗಳ ಕೂಲಿಯ ಹತ್ತಿರ ಬರುತ್ತದೆ. 20 ಕೊಡಕ್ಕೆ ಎಷ್ಟು ಕೊಡಬೇಕು ಅಂತ ನಾವು ಆರು ಜನರಲ್ಲಿ ಒಬ್ಬನೂ ಕೇಳಲಿಲ್ಲ. ಹೊರಡುವಾಗ ಕೈಗೆ ನೋಟು ತುರುಕಿದೆವು. ಅದು ಟಿಪ್ಸು. ಕೂಲಿ ಅಲ್ಲ.

ಎರಡನೆಯದು, "ನೀನು ಹಳ್ಳಿಯವನಪ್ಪ, ನಿಂಗೆ ಹಂಡೆ ಒಲೆ ಅಂದ್ರೆ ನಾಸ್ಟಾಲ್ಜಿಯಾ." ಇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡಬೇಕು.

ನಾನು ಶನಿವಾರಸಂತೆ ಕಡೆಯವನು. ನಮ್ಮ ಬಚ್ಚಲು ಮನೆಯಲ್ಲಿ ತಾಮ್ರದ ಹಂಡೆ ಇತ್ತು. ದೀಪಾವಳಿಗೆ ಮುಂಚೆ ನೀರು ತುಂಬುವ ಹಬ್ಬದ ದಿನ ಅವ್ವ ಅದನ್ನು ಹುಣಸೆಹಣ್ಣು ಹಾಕಿ ಹೊಳೆಯುವ ಹಾಗೆ ಉಜ್ಜಿ, ಅರಿಶಿನ ಕುಂಕುಮ ಹಚ್ಚಿ, ಹೂವು ಕಟ್ಟಿ, ಬಾವಿಯಿಂದ ಸೇದಿ ತುಂಬಿಸುತ್ತಿದ್ದಳು. ಫೋಟೋಗೆ ಚೆಂದ. ಆದರೆ ವರ್ಷದ ಉಳಿದ ದಿನ ಆ ಒಲೆಗೆ ಸೌದೆ ಹೊತ್ತವಳೂ ಅವಳೇ, ಹಸಿ ಸೌದೆಗೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡವಳೂ ಅವಳೇ. ಮನೆಗೆ ಗೀಸರ್ ಹಾಕಿಸಿದ್ದು ನಾನು, ನನ್ನ ಮೊದಲ ವರ್ಷದ ಬೋನಸ್ಸಿನಲ್ಲಿ. ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಸೌದೆ ಒಲೆಗೆ ವಾಪಸ್ ಹೋಗಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಹಂಡೆಯಿಂದ ನಾನು ಕಲಿತದ್ದು ಬೇರೆ. ಹಂಡೆಯೊಳಗೆ ನೀರು ಕಣ್ಣಿಗೆ ಕಾಣುತ್ತದೆ. ನೀನು ಎರಡು ತಂಬಿಗೆ ಹೆಚ್ಚು ಹುಯ್ದುಕೊಂಡರೆ ಹಿಂದೆ ಬರುವವರಿಗೆ ಎರಡು ತಂಬಿಗೆ ಕಮ್ಮಿ. ನಮ್ಮ ಮನೆಯಲ್ಲಿ ಕೊನೆಗೆ ಸ್ನಾನಕ್ಕೆ ಹೋಗುತ್ತಿದ್ದವಳು ಅವ್ವ. ಎಷ್ಟೋ ಬೆಳಗ್ಗೆ ಅವಳಿಗೆ ಉಳಿದದ್ದು ಬರೀ ತಳದ ನೀರು ಅನ್ನೋದು ನನಗೆ ಮೂವತ್ತು ದಾಟಿದ ಮೇಲೆ ಹೊಳೆಯಿತು. ಕಕ್ಕಬ್ಬೆಯ ಕತೆ ಫೋನಿನಲ್ಲಿ ಹೇಳಿದಾಗ ಅವ್ವ ಬೈಯಲಿಲ್ಲ. "ನೀರು ಸೇದಿದವ್ರಿಗೆ ಗೊತ್ತಿರ್ತದೆ ಕಣಪ್ಪ ಅದರ ತೂಕ. ನೀವೊಂದ್ ಕೊಡ ಎತ್ತಿದ್ರಾ?" ಅಂತ ಕೇಳಿದಳು. ನಾನು ಮಾತು ಬದಲಿಸಿದೆ.

ಶವರ್ ಮಾಡುವುದು ಇಷ್ಟೇ. ಹಿಂದೆ ಇರುವವರನ್ನು ಮರೆಸುತ್ತದೆ. ಬೆಂಗಳೂರಿನಲ್ಲಿ ಆ ಮರೆವಿಗೆ ಪೈಪು, ಓವರ್‌ಹೆಡ್ ಟ್ಯಾಂಕ್ ನೆಪ ಇದೆ. ತೋಟದ ಮೂಲೆಯಲ್ಲಿ ಆ ನೆಪವೂ ಇಲ್ಲ. ಪೈಪಿನ ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯ ಇದ್ದಾನೆ, ಬಹಳ ಸಲ ಒಬ್ಬ ಹೆಂಗಸು ಇದ್ದಾಳೆ.

ಶವರ್ ನಿಜಕ್ಕೂ ಬೇಕಾದವರು ಇದ್ದಾರೆ, ಒಪ್ಪುತ್ತೇನೆ. ಮಂಡಿ ನೋವಿನ ಅಪ್ಪ ಅಮ್ಮನನ್ನು ಕರೆತರುವವರು, ಬಗ್ಗಿ ತಂಬಿಗೆ ಎತ್ತಲು ಆಗದವರು, ಚಿಕ್ಕ ಮಕ್ಕಳಿರುವವರು. ಅವರು ಯುಎಸ್‌ಬಿ ಚಾರ್ಜಿನ ಸಣ್ಣ ಪಂಪ್ ತಗೊಳ್ಳಲಿ. ಹದ ಮಾಡಿದ ಬಕೆಟ್ ನೀರಿಗೆ ಇಳಿಬಿಟ್ಟರೆ ಆಯಿತು. ಬಕೆಟ್ ಖಾಲಿಯಾದಾಗ ಸ್ನಾನವೂ ಮುಗಿಯುತ್ತದೆ. ಲೆಕ್ಕ ಕಣ್ಣ ಮುಂದೆಯೇ ಇರುತ್ತದೆ.

ಈ ವರ್ಷ ಮತ್ತೆ ಹೊರಟಿದ್ದೇವೆ. ಹೊಸ ಸ್ಪ್ರೆಡ್‌ಶೀಟಿನಲ್ಲಿ ನಾಲ್ಕೇ ಸಾಲು: 15 ಲೀಟರ್ ಬಕೆಟ್, ಒಂದು ತಂಬಿಗೆ, 3 ಲೀಟರ್ ಪಾತ್ರೆ, ಸಣ್ಣ ಗ್ಯಾಸ್ ಒಲೆ. ಜೊತೆಗೆ ಅವತ್ತು ಬಿಟ್ಟುಹೋಗಿದ್ದ ಆ ಕಾಲಂ: 'ನೀರು ತರುವವರು'. ಅದರ ಕೆಳಗೆ ನಮ್ಮ ಆರು ಜನರ ಹೆಸರು, ಪಾಳಿ ಪ್ರಕಾರ.

ಹದಿನಾಲ್ಕು ಸಾವಿರದ ಯಂತ್ರ ಅಟ್ಟದ ಮೇಲಿದೆ. ಬೇಕಾದವರು ತಗೊಂಡು ಹೋಗಬಹುದು, ಬಾಡಿಗೆ ಇಲ್ಲ. ಒಂದೇ ಕಂಡೀಷನ್. ಮೊದಲ 20 ಕೊಡ ನೀವೇ ಸೇದಿ ಹೊರಬೇಕು. ಈವರೆಗೆ ಮೂರು ಜನ ಕೇಳಿದ್ದಾರೆ. ಯಂತ್ರ ಇನ್ನೂ ಅಟ್ಟದ ಮೇಲೇ ಇದೆ.