ಬಡಾವಣೆಯ ಗುಣಗಾನ ಸಾಕು, ಗುಣದೋಷ ಹೇಳಲಿ

ಬೆಂಗಳೂರಿನ ಹೊರವಲಯದಲ್ಲಿ ನಿವೇಶನವನ್ನೋ ಫ್ಲ್ಯಾಟನ್ನೋ ಹುಡುಕುವವರಿಗೆ ಮೊದಲು ಎದುರಾಗುವುದು ಮನೆಯಲ್ಲ, ಬಡಾವಣೆಯ ವರ್ಣನೆ. ವಿಮಾನ ನಿಲ್ದಾಣ ಕೂಗಳತೆಯ ದೂರದಲ್ಲಿದೆ, ಮೆಟ್ರೊ ಇಂದೋ ನಾಳೆಯೋ ಬರಲಿದೆ, ಶಾಲೆ, ಆಸ್ಪತ್ರೆ, ಮಾಲ್‌ಗಳೆಲ್ಲ ಹತ್ತು ನಿಮಿಷದ ಹಾದಿ. ಲೇಖನ, ವಿಡಿಯೊ, ವಾಟ್ಸ್‌ಆ್ಯಪ್ ಸಂದೇಶಗಳ ರೂಪದಲ್ಲಿ ಹರಿದಾಡುವ ಈ ‘ಸ್ಥಳೀಯ ಮಾಹಿತಿ’ಯೇ ರಿಯಲ್ ಎಸ್ಟೇಟ್ ವ್ಯಾಪಾರದಲ್ಲಿ ಗ್ರಾಹಕರನ್ನು ಸೆಳೆಯುವ ಗಾಳವಾಗಿದೆ.

ಈ ಬದಲಾವಣೆಗೆ ಕಾರಣವಿದೆ. ಒಂದು ಕಾಲಕ್ಕೆ ಮಧ್ಯವರ್ತಿಯ ಬಲವಿದ್ದುದು ಕಾಗದಪತ್ರದ ಮೇಲಿನ ಹಿಡಿತದಲ್ಲಿ. ಪಹಣಿ ಯಾರ ಬಳಿ ಸಿಗುತ್ತದೆ, ಋಣಭಾರ ಪತ್ರಕ್ಕೆ ಯಾವ ಕಚೇರಿಗೆ ಅಲೆಯಬೇಕು ಎಂಬುದು ಅವನಿಗಷ್ಟೇ ಗೊತ್ತಿತ್ತು. ‘ಭೂಮಿ’ ಯೋಜನೆ ಪಹಣಿಯನ್ನು ಗಣಕೀಕರಿಸಿತು. ‘ಕಾವೇರಿ’ ತಂತ್ರಾಂಶ ಋಣಭಾರ ಪತ್ರವನ್ನು ಮನೆಗೇ ತಲುಪಿಸಿತು. 2017ರ ನಂತರ ರೇರಾ ಜಾಲತಾಣದಲ್ಲಿ ನೋಂದಾಯಿತ ಯೋಜನೆಗಳ ವಿವರಗಳೂ ಸಿಗತೊಡಗಿದವು. ಕಚೇರಿಯ ಗುಟ್ಟು ಬಯಲಾದ ಮೇಲೆ ಮಧ್ಯವರ್ತಿಗೆ ಉಳಿದಿರುವ ನಿಜವಾದ ಬಂಡವಾಳ ಒಂದೇ, ಆ ಪ್ರದೇಶದ ಪರಿಚಯ. ಯಾವ ರಸ್ತೆಯಲ್ಲಿ ಮಳೆನೀರು ನಿಲ್ಲುತ್ತದೆ, ಯಾವ ಓಣಿಗೆ ಮಾರ್ಚ್ ಬಂತೆಂದರೆ ಟ್ಯಾಂಕರ್ ಬರಬೇಕು ಎಂಬುದನ್ನು ಯಾವ ಸರ್ಕಾರಿ ದಾಖಲೆಯೂ ಹೇಳುವುದಿಲ್ಲ.

ವಿಪರ್ಯಾಸವೆಂದರೆ, ಆ ಬಂಡವಾಳದ ಅರ್ಧ ಭಾಗವನ್ನಷ್ಟೇ ಗ್ರಾಹಕರ ಮುಂದಿಡಲಾಗುತ್ತಿದೆ. ಬರಲಿರುವ ಸೌಕರ್ಯ ದೊಡ್ಡ ಅಕ್ಷರದಲ್ಲಿರುತ್ತದೆ, ಇರುವ ಕೊರತೆ ಎಲ್ಲಿಯೂ ಇರುವುದಿಲ್ಲ. ಪೆರಿಫೆರಲ್ ವರ್ತುಲ ರಸ್ತೆಗೆ 2007ರಲ್ಲೇ ಅಂತಿಮ ಅಧಿಸೂಚನೆ ಹೊರಬಿದ್ದಿತ್ತು. ಹದಿನೈದು ವರ್ಷ ಉರುಳಿದರೂ ನಿರ್ಮಾಣ ಆರಂಭವಾಗಲಿಲ್ಲ. ಮೆಟ್ರೊ ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ದೊರೆತದ್ದು 2014ರಲ್ಲಿ. ವೈಟ್‌ಫೀಲ್ಡ್‌ಗೆ ರೈಲು ಓಡಿದ್ದು 2023ರಲ್ಲಿ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ದಾಹ ನೀಗಿಸಲೆಂದು ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಗೊಂಡದ್ದು 2024ರ ಅಕ್ಟೋಬರ್‌ನಲ್ಲಿ. ಯೋಜನೆಗಳು ಸುಳ್ಳಲ್ಲ, ಆದರೆ ಸಾಲದ ಕಂತು ಅವುಗಳಿಗಾಗಿ ಕಾಯುವುದಿಲ್ಲ.

ಮುಚ್ಚಿಟ್ಟ ಅರ್ಧದ ಬೆಲೆ ಎಷ್ಟೆಂಬುದನ್ನು ನಗರ ಕಂಡಿದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಸುತ್ತಮುತ್ತ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳ ನಿವಾಸಿಗಳು ಟ್ರ್ಯಾಕ್ಟರ್, ದೋಣಿಗಳನ್ನೇರಿ ಹೊರಬರಬೇಕಾಯಿತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಅಪಾರ್ಟ್‌ಮೆಂಟ್‌ಗಳು ಟ್ಯಾಂಕರ್‌ಗೆ ಕೈಚಾಚಿದವು. ಕೆರೆಯ ಕೋಡಿ ಎತ್ತ ಹರಿಯುತ್ತಿತ್ತು, ರಾಜಕಾಲುವೆ ಎಲ್ಲಿತ್ತು ಎಂಬುದು ಆ ಭಾಗದ ಹಳಬರಿಗೆ ತಿಳಿಯದ ಸಂಗತಿಯೇನಲ್ಲ. ಹಾಗೆ ತಿಳಿದ ಮಾತು ಕೊಳ್ಳುವವನ ಕಿವಿಗೆ ಬೀಳುವುದು ಮಾತ್ರ ಅಪರೂಪ.

ಕಾನೂನು ಕಣ್ಣುಮುಚ್ಚಿ ಕುಳಿತಿಲ್ಲ. 2016ರ ರೇರಾ ಕಾಯ್ದೆಯಡಿ ನೋಂದಣಿಯಿಲ್ಲದ ಏಜೆಂಟ್ ನೋಂದಾಯಿತ ಯೋಜನೆಯ ಮನೆ, ನಿವೇಶನ ಮಾರಿಸುವಂತಿಲ್ಲ. ಯೋಜನೆಯ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಮತ್ತು ಪ್ರಾಧಿಕಾರದ ಜಾಲತಾಣದ ವಿಳಾಸ ಎದ್ದು ಕಾಣುವಂತಿರಬೇಕು. ಜಾಹೀರಾತಿನ ಸುಳ್ಳನ್ನು ನಂಬಿ ಹಣ ಕಟ್ಟಿ ನಷ್ಟಕ್ಕೊಳಗಾದವರಿಗೆ ಪರಿಹಾರ ಕೇಳುವ, ಯೋಜನೆಯಿಂದ ಹಿಂದೆ ಸರಿದು ಬಡ್ಡಿಸಹಿತ ಹಣ ಮರಳಿ ಪಡೆಯುವ ಹಕ್ಕನ್ನು 12ನೇ ಸೆಕ್ಷನ್ ನೀಡುತ್ತದೆ. ಹಣ ಪಡೆದು ಹೊಗಳುವವರು ಆ ಸಂಬಂಧವನ್ನು ಬಹಿರಂಗಪಡಿಸಬೇಕೆಂದು 2022ರ ಗ್ರಾಹಕ ರಕ್ಷಣಾ ಮಾರ್ಗಸೂಚಿ ಹೇಳುತ್ತದೆ. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ.

ಆದರೆ ಸುಳ್ಳನ್ನು ಶಿಕ್ಷಿಸುವುದು ಸುಲಭ, ಮೌನವನ್ನು ಹಿಡಿಯುವುದು ಕಷ್ಟ. ‘ಬೇಸಿಗೆಯಲ್ಲಿ ನೀರಿಲ್ಲ’ ಎಂದು ಹೇಳದೇ ಇದ್ದುದನ್ನು ಜಾಹೀರಾತಿನ ಸುಳ್ಳೆಂದು ಸಾಧಿಸುವುದು ಹೇಗೆ? ಇಲ್ಲಿ ಕೆಲಸಕ್ಕೆ ಬರಬೇಕಾದುದು ವ್ಯಾಪಾರದ ವಿವೇಕ. ಮಧ್ಯಮವರ್ಗದ ಕುಟುಂಬವೊಂದು ಮನೆ ಕೊಳ್ಳುವುದು ಜೀವಮಾನದಲ್ಲಿ ಒಮ್ಮೆ, ಹೆಚ್ಚೆಂದರೆ ಎರಡು ಬಾರಿ. ಅದೇ ಗ್ರಾಹಕ ಮತ್ತೆ ಬರುವ ಸಂಭವ ಕಡಿಮೆ. ಬರುವುದೇನಿದ್ದರೂ ಅವನ ಬಾಯಿಮಾತು ಕೇಳಿದ ಸಹೋದ್ಯೋಗಿ, ಬಂಧು, ನೆರೆಯವರು. ‘ಈ ಬೀದಿ ಬೇಡ, ಮಳೆಗಾಲದಲ್ಲಿ ನೀರು ನುಗ್ಗುತ್ತದೆ’ ಎಂದು ಎಚ್ಚರಿಸಿದ ಏಜೆಂಟ್ ಒಂದು ಕಮಿಷನ್ ಕಳೆದುಕೊಳ್ಳಬಹುದು, ಆದರೆ ಆ ಮಾತು ಹತ್ತು ಮನೆಗಳಿಗೆ ತಲುಪುತ್ತದೆ. ಬಣ್ಣದ ಮಾತಿನಿಂದ ಮಾರಿದವನ ಹೆಸರೂ ಅಷ್ಟೇ ದೂರ ಹೋಗುತ್ತದೆ, ಬೇರೆ ಕಾರಣಕ್ಕೆ.

ಕೊಳ್ಳುವವರ ಹೊಣೆಯೂ ಇದೆ. ಬಡಾವಣೆಯ ಬಗ್ಗೆ ಬರೆದವರು, ಹೇಳಿದವರು ಯಾರು, ಅವರಿಗೆ ಹಣ ಕೊಡುವವರು ಯಾರು ಎಂದು ಮೊದಲು ಕೇಳಬೇಕು. ಖಾತೆ, ಭೂಪರಿವರ್ತನೆ, ಋಣಭಾರ ಪತ್ರಗಳನ್ನು ವಕೀಲರಿಂದ ಪರಿಶೀಲಿಸಿಕೊಳ್ಳುವುದರ ಜೊತೆಗೆ, ಬೇಸಿಗೆಯ ಒಂದು ಮಧ್ಯಾಹ್ನ, ಜೋರು ಮಳೆಯ ಮರುದಿನ ಬೆಳಿಗ್ಗೆ ಆ ಬೀದಿಯಲ್ಲಿ ನಡೆದು ನೋಡಬೇಕು. ಊರಿನ ಕೊರತೆಯನ್ನೂ ಬಾಯಿಬಿಟ್ಟು ಹೇಳುವ ಏಜೆಂಟ್ ಸಿಕ್ಕರೆ, ಅವನು ಹೇಳುವ ಅನುಕೂಲದ ಮಾತಿಗೂ ಬೆಲೆ ಬರುತ್ತದೆ.