ದುರಸ್ತಿಯ ದುಡ್ಡು ಬಾಡಿಗೆಯೊಳಗೇ ಇದೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡುವಾಗ ಅಡ್ವಾನ್ಸ್ ಹಣದಲ್ಲಿ ಒಂದು ತಿಂಗಳ ಬಾಡಿಗೆಯಷ್ಟನ್ನು ಪೇಂಟಿಂಗ್‌ಗೆಂದು ಹಿಡಿದುಕೊಳ್ಳುವುದು ಎಷ್ಟು ಮಾಮೂಲಾಗಿದೆಯೆಂದರೆ, 11 ತಿಂಗಳ ಕರಾರುಪತ್ರದಲ್ಲಿ ಆ ಸಾಲು ಮೊದಲೇ ಅಚ್ಚಾಗಿ ಬಂದಿರುತ್ತದೆ. ವರ್ಷವಷ್ಟೇ ಇದ್ದವರಿಗೂ ಆರು ವರ್ಷ ಇದ್ದವರಿಗೂ ಅದೇ ಲೆಕ್ಕ. ಗೋಡೆ ನಿಜಕ್ಕೂ ಕೆಟ್ಟಿತ್ತೇ, ಬಣ್ಣ ಹೊಡೆಸಿದರೇ, ಹೊಡೆಸಿದ್ದರೆ ಎಷ್ಟು ಖರ್ಚಾಯಿತು ಎಂದು ಬಾಡಿಗೆದಾರ ಕೇಳುವುದಿಲ್ಲ, ಮಾಲೀಕರು ರಸೀದಿ ತೋರಿಸುವುದಿಲ್ಲ. ಇನ್ನೊಂದು ಕಡೆ, ಅದೇ ಮನೆಯ ಬಚ್ಚಲಿನ ಗೋಡೆ ಎರಡು ಮಳೆಗಾಲ ತೇವ ಹಿಡಿದು ಸುಣ್ಣ ಉದುರಿಸುತ್ತಿದ್ದರೂ ‘ಮುಂದಿನ ತಿಂಗಳು ಮೇಸ್ತ್ರಿ ಕಳಿಸ್ತೀನಿ’ ಎಂಬ ಮಾತಿನಲ್ಲೇ ಕಾಲ ಕಳೆದಿರುತ್ತದೆ. ಹೊರಡುವ ದಿನ ಕಟ್ಟುನಿಟ್ಟಾಗಿ ವಸೂಲಾಗುವ ದುರಸ್ತಿಯ ಹಣ, ವಾಸವಿದ್ದಷ್ಟು ದಿನ ದುರಸ್ತಿಗೆ ಮಾತ್ರ ಸಿಗಲಿಲ್ಲ. ಈ ವ್ಯವಸ್ಥೆ ನ್ಯಾಯವಲ್ಲ ಎನ್ನುವುದಕ್ಕೆ ಮುಖ್ಯ ಕಾರಣ ಇಷ್ಟೇ: ಮನೆಯನ್ನು ಸುಸ್ಥಿತಿಯಲ್ಲಿಡುವ ಖರ್ಚನ್ನು ಬಾಡಿಗೆದಾರರು ಮೊದಲೇ ಕೊಟ್ಟಿರುತ್ತಾರೆ. ಕೊನೆಯಲ್ಲಿ ಹಿಡಿಯುವುದು ಅದೇ ಬಾಬ್ತಿಗೆ ಎರಡನೇ ಸಲದ ವಸೂಲಿ.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 20,000 ರೂಪಾಯಿ ಬಾಡಿಗೆಯ ಮನೆ, ನಗರದ ಹಳೆಯ ವಾಡಿಕೆಯಂತೆ 10 ತಿಂಗಳ ಅಡ್ವಾನ್ಸ್, ಅಂದರೆ 2 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಈ ಹಣಕ್ಕೆ ಬಾಡಿಗೆದಾರನಿಗೆ ಬಿಡಿಗಾಸಿನ ಬಡ್ಡಿಯೂ ಇಲ್ಲ. ಅದನ್ನು ಶೇ 6ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ 12,000, ಎರಡು ವರ್ಷಕ್ಕೆ 24,000 ರೂಪಾಯಿ. ಪೇಂಟಿಂಗ್‌ಗೆಂದು ಹಿಡಿಯುವ ಒಂದು ತಿಂಗಳ ಬಾಡಿಗೆಗಿಂತ ಇದೇ ಹೆಚ್ಚು. ಇದರ ಮೇಲೆ ಆದಾಯ ತೆರಿಗೆಯ ಲೆಕ್ಕವೂ ಇದೆ. ಮನೆ ಬಾಡಿಗೆಯ ಆದಾಯದಲ್ಲಿ ಆಸ್ತಿ ತೆರಿಗೆ ಕಳೆದು ಉಳಿದ ಮೊತ್ತದ ಶೇ 30ರಷ್ಟನ್ನು ತೆರಿಗೆ ಲೆಕ್ಕದಿಂದ ಬಿಟ್ಟುಕೊಡುವ ನಿಯಮ ನಮ್ಮಲ್ಲಿದೆ. ದುರಸ್ತಿ, ನಿರ್ವಹಣೆಯಂಥ ಖರ್ಚುಗಳಿಗೆ ಒಟ್ಟಾರೆಯಾಗಿ ಕೊಟ್ಟ ರಿಯಾಯಿತಿ ಅದು. ಮಾಲೀಕರು ಒಂದು ರೂಪಾಯಿ ಖರ್ಚು ಮಾಡದಿದ್ದರೂ ಸಿಗುತ್ತದೆ, ಬಿಲ್ಲು ತೋರಿಸಬೇಕಿಲ್ಲ. ನಮ್ಮ ಉದಾಹರಣೆಯ ಮನೆಗೆ ವರ್ಷದ ಬಾಡಿಗೆ 2,40,000. ಆಸ್ತಿ ತೆರಿಗೆ ಕಳೆದ ಮೇಲೆ ಸುಮಾರು 70,000 ರೂಪಾಯಿಗೆ ತೆರಿಗೆಯೇ ಇಲ್ಲ. ಮನೆ ಹಳೆಯದಾಗುತ್ತದೆ, ಅದನ್ನು ನೋಡಿಕೊಳ್ಳಲು ದುಡ್ಡು ಬೇಕು ಎಂಬುದನ್ನು ಸರ್ಕಾರವೇ ಒಪ್ಪಿಕೊಂಡು ಅದಕ್ಕೆ ಜಾಗ ಮಾಡಿಕೊಟ್ಟಿದೆ. ಬಾಡಿಗೆ, ಬಡ್ಡಿಯಿಲ್ಲದ ಮುಂಗಡ, ತೆರಿಗೆ ರಿಯಾಯಿತಿ ಹೀಗೆ ಮೂರು ದಾರಿಯಲ್ಲಿ ಬಂದ ಹಣದಲ್ಲಿ ಒಂದು ಪಾಲು ಮನೆಗೇ ವಾಪಸ್ ಹೋಗಬೇಕು.

ಕಾನೂನಿನ ಮಾತೂ ಇದರಿಂದ ದೂರವಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಆದರೆ ಸಹಜ ಬಳಕೆಯಿಂದ ಆಗುವ ಸವೆತ ಅವನ ತಲೆಗೆ ಬರುವುದಿಲ್ಲ. ಬಿಸಿಲಿಗೆ ಗೋಡೆಯ ಬಣ್ಣ ಮಾಸುವುದು ಸಹಜ ಸವೆತವಲ್ಲದೆ ಇನ್ನೇನು? ಮಾಡಿಸಬೇಕಾದ ದುರಸ್ತಿಯನ್ನು ಮಾಲೀಕರು ತಿಳಿಸಿದ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೆಂದೂ ಅದೇ ಕಲಂ ಹೇಳುತ್ತದೆ. ಇಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಡಬೇಕಿಲ್ಲ. ಬೇರೆ ಕರಾರಾಗಲಿ ಊರಿನ ವಾಡಿಕೆಯಾಗಲಿ ಇಲ್ಲದಿದ್ದಾಗ ಮಾತ್ರ ಈ ನಿಯಮಗಳು ಅನ್ವಯಿಸುತ್ತವೆ. ಪೇಂಟಿಂಗ್ ಹಣ ಹಿಡಿಯುವವರು ನಿಂತಿರುವುದು ಇದೇ ನೆಲದ ಮೇಲೆ: ‘ನಮ್ಮೂರಿನ ಪದ್ಧತಿ ಇದು, ಕರಾರಿಗೆ ನೀವೇ ಸಹಿ ಹಾಕಿದ್ದೀರಿ.’ ಆದರೆ ಮನೆ ಹುಡುಕಿ ಸುಸ್ತಾಗಿ, ಬ್ರೋಕರ್‌ಗೆ ಕಮಿಷನ್ ಕೊಟ್ಟು, ಮಕ್ಕಳ ಶಾಲೆ ಶುರುವಾಗುವ ಮುಂಚೆ ಸಾಮಾನು ಇಳಿಸಬೇಕಾದವರು ಅಚ್ಚಾದ ಕರಾರಿನ ಒಂದು ಸಾಲಿಗಾಗಿ ಹಟ ಹಿಡಿಯಲಾರರು. ಒಂದೇ ಕಡೆಯವರ ಕೈ ಮೇಲಾಗಿರುವಲ್ಲಿ ಬೆಳೆದ ಪದ್ಧತಿಯನ್ನು ಇಬ್ಬರೂ ಮನಸಾರೆ ಒಪ್ಪಿದ್ದು ಎನ್ನಲಾಗದು. ಪದ್ಧತಿಯನ್ನು ಅಳೆಯಬೇಕಾದದ್ದು ಅದರ ವಯಸ್ಸಿನಿಂದಲ್ಲ, ಅದರಿಂದ ಮನೆಗೂ ಮನೆಯಲ್ಲಿರುವವರಿಗೂ ಏನಾಗುತ್ತಿದೆ ಎಂಬುದರಿಂದ.

ಏನಾಗುತ್ತಿದೆ ಎಂಬುದನ್ನು ಯಾವ ಪ್ಲಂಬರ್, ಯಾವ ಗಾರೆ ಮೇಸ್ತ್ರಿಯನ್ನು ಕೇಳಿದರೂ ಹೇಳುತ್ತಾರೆ. ಮೇಲಿನ ಮನೆಯ ಬಚ್ಚಲಿನ ನೆಲದ ಟೈಲ್ಸ್ ಸಂದಿಯಿಂದ ನೀರು ಜಿನುಗತೊಡಗುತ್ತದೆ. ಆಗಲೇ ಸಂದಿಗಳನ್ನು ಕೆರೆದು ಹೊಸದಾಗಿ ಗ್ರೌಟ್ ತುಂಬಿಸಿದರೆ ಒಂದು ದಿನದ ಕೆಲಸ. ಬಿಟ್ಟರೆ ನೀರು ತಾರಸಿಯ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ, ಕೆಳಗಿನ ಮನೆಯ ಸೀಲಿಂಗಿನಿಂದ ಚಕ್ಕೆ ಉದುರುತ್ತದೆ. ಈ ಹಂತದಲ್ಲಿ ಟೈಲ್ಸ್ ಒಡೆದು, ವಾಟರ್‌ಪ್ರೂಫಿಂಗ್ ಮಾಡಿಸಿ, ಸೀಲಿಂಗಿಗೆ ಮತ್ತೆ ಗಾರೆ ಹಾಕಿಸಿ, ಎರಡು ಮನೆಯವರನ್ನೂ ಒಂದೆರಡು ವಾರ ಪರದಾಡಿಸಬೇಕು. ಸೋರುವ ನಲ್ಲಿಯದೂ ಇದೇ ಕಥೆ. ಸೆಕೆಂಡಿಗೊಂದು ಹನಿಯಂತೆ ತೊಟ್ಟಿಕ್ಕಿದರೂ ದಿನಕ್ಕೆ 10ರಿಂದ 20 ಲೀಟರ್ ನೀರು ಚರಂಡಿ ಸೇರುತ್ತದೆ, ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಿರುವ ಊರಿನಲ್ಲಿ. ವಾಷರ್ ಬದಲಿಸಲು ಬೇಕಾದದ್ದು ಕೆಲವೇ ರೂಪಾಯಿ. ವೈರಿಂಗ್ ವಿಷಯದಲ್ಲಿ ತಡ ಮಾಡಿದರೆ ನಷ್ಟ ಹಣದ್ದಲ್ಲ, ಜೀವದ್ದು. ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ ಗೀಸರ್ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಕೂರಿಸಿದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅಂಥ ಸಾವಿನ ಸುದ್ದಿಗಳನ್ನು ಈ ನಗರ ಮತ್ತೆ ಮತ್ತೆ ಓದಿದೆ. ಗೋಡೆಯ ಬೂಷ್ಟು ಉಬ್ಬಸ ಇರುವ ಮಕ್ಕಳ, ವಯಸ್ಸಾದವರ ಎದೆಗೆ ಇಳಿಯುತ್ತದೆ. ಹೀಗಿರುವಾಗ ದುರಸ್ತಿಯನ್ನು ಮಾಲೀಕರ ದೊಡ್ಡ ಮನಸ್ಸಿಗೆ ಬಿಡುವುದು ತಪ್ಪು.

ದುರಸ್ತಿ ತಡವಾಗುವುದಕ್ಕೆ ಯಾವಾಗಲೂ ಜಿಪುಣತನವೇ ಕಾರಣವಲ್ಲ. ಅದು ಯಾರ ಕೆಲಸ ಎಂದು ಎಲ್ಲೂ ಬರೆದಿಲ್ಲದಿರುವುದೇ ಅದಕ್ಕಿಂತ ದೊಡ್ಡ ಕಾರಣ. 30-40ರ ಸೈಟಿನಲ್ಲಿ ಮೂರು ಮಹಡಿ ಕಟ್ಟಿ, ತಾವು ಒಂದರಲ್ಲಿದ್ದು ಉಳಿದವನ್ನು ಬಾಡಿಗೆಗೆ ಕೊಟ್ಟ ಮಾಲೀಕರಾದರೆ ಸಂಪಿನ ಮೋಟರ್ ಕೆಟ್ಟ ದಿನವೇ ಅವರಿಗೂ ನೀರಿರುವುದಿಲ್ಲ, ಹಾಗಾಗಿ ಅದು ಸಂಜೆಯೊಳಗೆ ರಿಪೇರಿಯಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಹಾಗಲ್ಲ. ಬಾಡಿಗೆದಾರ ತಿಂಗಳು ತಿಂಗಳು ಕಟ್ಟುವ ಮೇಂಟೆನೆನ್ಸ್ ಹಣ ಲಿಫ್ಟು, ಜನರೇಟರ್, ಕಾವಲು, ಮೆಟ್ಟಿಲಿಗೆ ಹೋಗುತ್ತದೆ. ಫ್ಲ್ಯಾಟಿನೊಳಗಿನ ಪೈಪಿಗೆ ಅಲ್ಲ. ಪೈಪ್ ಡಕ್ಟಿನಲ್ಲಿ ಸೋರಿದರೆ ಅಸೋಸಿಯೇಷನ್ ಮೇಲಿನ ಮನೆಯವರತ್ತ ಬೆರಳು ತೋರಿಸುತ್ತದೆ, ಮೇಲಿನ ಮನೆಯವರು ಅಸೋಸಿಯೇಷನ್ ಕಡೆಗೆ. ಮಾಲೀಕರು ಅಮೆರಿಕದಲ್ಲೋ ದುಬೈನಲ್ಲೋ ಇದ್ದು ಮನೆಯ ಜವಾಬ್ದಾರಿಯನ್ನು ಸಂಬಂಧಿಕರಿಗೆ ಒಪ್ಪಿಸಿದ್ದರೆ, ಐನೂರು ರೂಪಾಯಿಯ ಕೆಲಸಕ್ಕೂ ಫೋನಿನಲ್ಲಿ ಅಪ್ಪಣೆ ಬರುವವರೆಗೆ ಕಾಯಬೇಕು. ಭೋಗ್ಯಕ್ಕೆ ಹಾಕಿದ ಮನೆಗಳ ಪಾಡು ಎಲ್ಲಕ್ಕಿಂತ ಕಷ್ಟದ್ದು. ಅಲ್ಲಿ ದೊಡ್ಡ ಮೊತ್ತ ಒಂದೇ ಸಲ ಕೈ ಬದಲಾಗಿ, ತಿಂಗಳ ಬಾಡಿಗೆಯೇ ಇರುವುದಿಲ್ಲ, ಆದ್ದರಿಂದ ಮುರಿದುಕೊಳ್ಳಲು ಬಾಡಿಗೆದಾರನ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಈ ಗೊಂದಲಕ್ಕೆ ಪರಿಹಾರದ ಕರಡು ಸಿದ್ಧವಾಗಿಯೇ ಇದೆ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ದುರಸ್ತಿಯ ಕೆಲಸಗಳನ್ನು ಎರಡು ಪಟ್ಟಿ ಮಾಡಿ ಹಂಚಿದೆ. ಕಟ್ಟಡದ ರಚನೆಗೆ ಸೇರಿದ ರಿಪೇರಿ, ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ಪೈಪು, ವೈರಿಂಗ್ ಮಾಲೀಕರ ಪಾಲಿಗೆ. ನಲ್ಲಿಯ ವಾಷರ್, ಸ್ವಿಚ್ಚು, ಬೀಗ, ಕಿಟಕಿ ಗಾಜು, ಸೊಳ್ಳೆ ಪರದೆ, ಮೋರಿ ಶುಚಿ ಬಾಡಿಗೆದಾರರ ಪಾಲಿಗೆ. ಬಣ್ಣ ಯಾರದೆಂಬ ಪ್ರಶ್ನೆಗೆ ಇದರಲ್ಲೇ ಉತ್ತರವಿದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಮಾಲೀಕರು ದುರಸ್ತಿ ಮಾಡಿಸದಿದ್ದರೆ ಬಾಡಿಗೆದಾರ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು, ಆದರೆ ಒಂದು ತಿಂಗಳಲ್ಲಿ ಬಾಡಿಗೆಯ ಅರ್ಧಕ್ಕಿಂತ ಹೆಚ್ಚಲ್ಲ. ಬಾಡಿಗೆದಾರ ತನ್ನ ಪಾಲಿನದನ್ನು ಮಾಡದಿದ್ದರೆ ಮಾಲೀಕರು ಮುಂಗಡದಲ್ಲಿ ಮುರಿದುಕೊಳ್ಳಬಹುದು. ದುರಸ್ತಿಗೆಂದು ಮನೆಯೊಳಗೆ ಬರಲು ಮಾಲೀಕರು 24 ಗಂಟೆ ಮುಂಚೆ ತಿಳಿಸಬೇಕು. ಇದರಲ್ಲಿ ಒಂದು ಅಂಶವನ್ನು ಮಾತ್ರ ನಮ್ಮಲ್ಲಿ ತಿದ್ದಬೇಕು. ಗೀಸರ್ ರಿಪೇರಿಯನ್ನು ಈ ಮಾದರಿ ಬಾಡಿಗೆದಾರರಿಗೆ ಹೊರಿಸಿದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಕಾಯಿಲ್ ಮೇಲೆ ಉಪ್ಪು ಗಟ್ಟಿ ಗೀಸರ್ ಕೆಡುವ ಊರಿನಲ್ಲಿ ಅದು ಬಳಸಿದವರ ತಪ್ಪಲ್ಲ. ಮನೆಯೊಂದಿಗೆ ಕೊಟ್ಟ ಗೀಸರ್ ಮಾಲೀಕರ ಪಟ್ಟಿಯಲ್ಲೇ ಇರಬೇಕು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಸಣ್ಣ ಮಾಲೀಕರದು. ನಿವೃತ್ತಿಯ ಹಣ ಹಾಕಿ ಮೇಲೊಂದು ಮನೆ ಕಟ್ಟಿಸಿ, ಆ ಬಾಡಿಗೆಯಲ್ಲೇ ಔಷಧಿ, ದಿನಸಿ ನಡೆಸುವವರು ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬೀದಿ ಬೀದಿಯಲ್ಲಿದ್ದಾರೆ. ಅವರ ಆದಾಯ ತೆರಿಗೆಯ ಮಿತಿಯನ್ನೇ ದಾಟದಿದ್ದರೆ ಶೇ 30ರ ರಿಯಾಯಿತಿಯಿಂದ ಅವರಿಗೆ ಏನೂ ಸಿಗದು, ನಿಜ. ಆದರೆ ಅವರಿಗಿರುವ ಒಂದೇ ಆಸ್ತಿ ಆ ಕಟ್ಟಡ. ಸೋರಿಕೆಯನ್ನು ಬೇಗ ನಿಲ್ಲಿಸುವುದರಿಂದ ಎಲ್ಲರಿಗಿಂತ ಹೆಚ್ಚು ಲಾಭ ಅವರಿಗೇ. ಬಾಡಿಗೆಯಲ್ಲಿ ತಿಂಗಳಿಗೆ ಒಂದಿಷ್ಟನ್ನು ದುರಸ್ತಿಗೆಂದೇ ಬೇರೆ ಇಟ್ಟರೆ, ಒಮ್ಮೆಲೇ ಲಕ್ಷ ಹೊಂದಿಸಬೇಕಾದ ಸಂಕಟ ಬರುವುದಿಲ್ಲ. ಬಾಡಿಗೆದಾರರು ಮನೆ ಹಾಳು ಮಾಡುತ್ತಾರೆ ಎಂಬ ದೂರಿನಲ್ಲೂ ಸತ್ಯವಿದೆ. ಒಡೆದ ವಾಷ್‌ಬೇಸಿನ್, ಮುರಿದ ಕಬೋರ್ಡು, ಗೋಡೆ ತುಂಬಾ ಮಕ್ಕಳ ಕ್ರೇಯಾನ್ ಗೀಟು, ಇವು ಸವೆತವಲ್ಲ, ಹಾನಿ. ಅದನ್ನು ಮಾಡಿದವರೇ ತೆರಬೇಕು. ಆದರೆ ಹಾನಿಯನ್ನು ತೋರಿಸಲು ಮನೆ ಕೊಟ್ಟ ದಿನ ಅದು ಹೇಗಿತ್ತೆಂಬ ದಾಖಲೆ ಬೇಕು. ಕೋಣೆ ಕೋಣೆಯ ಫೋಟೊ, ಇಬ್ಬರೂ ಸಹಿ ಹಾಕಿದ ಒಂದು ಪಟ್ಟಿ ಇದ್ದರೆ ಸಾಕು. ಎಲ್ಲರಿಂದಲೂ ಒಂದೇ ಮೊತ್ತ ಹಿಡಿಯುವ ಈಗಿನ ರೂಢಿಯಲ್ಲಿ ಮನೆಯನ್ನು ಚೊಕ್ಕಟವಾಗಿ ಇಟ್ಟುಕೊಂಡವರಿಗೂ ಹಾಳುಗೆಡವಿದವರಿಗೂ ವ್ಯತ್ಯಾಸವೇ ಇಲ್ಲ.

ಕಾನೂನು ಬಿಗಿಯಾದರೆ ಮಾಲೀಕರು ಮನೆಯನ್ನೇ ಬಾಡಿಗೆಗೆ ಕೊಡುವುದಿಲ್ಲ ಎನ್ನುವವರು 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆಯನ್ನು ನೆನಪಿಸುತ್ತಾರೆ. ಆ ಅಂಜಿಕೆ ಸುಳ್ಳಲ್ಲ. ಬಾಡಿಗೆಯನ್ನು ಕಟ್ಟಿಹಾಕಿದರೆ ಮಾಲೀಕರು ಮೊದಲು ಕೈಬಿಡುವುದು ದುರಸ್ತಿಯನ್ನೇ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆ ಖಾಲಿ ಇದ್ದವು, ಬಾಡಿಗೆದಾರ ಬಿಟ್ಟು ಹೋಗಲಾರನೆಂಬ ಭಯಕ್ಕೂ ಅದರಲ್ಲಿ ಪಾಲಿದೆ. ಆದರೆ ಇಲ್ಲಿ ಕೇಳುತ್ತಿರುವುದು ಬಾಡಿಗೆಯ ನಿಯಂತ್ರಣವಲ್ಲ. ಬಾಡಿಗೆ ಎಷ್ಟೆಂದು ಇಬ್ಬರೇ ಮಾತಾಡಿಕೊಳ್ಳಲಿ; ಆ ಬಾಡಿಗೆಗೆ ಏನು ಸಿಗಬೇಕೆಂಬುದು ಬರೆದಿರಲಿ. 2001ರ ಕೊನೆಯಲ್ಲಿ ಜಾರಿಯಾದ ಈಗಿನ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಇವತ್ತು ಬೆಂಗಳೂರಿನಲ್ಲಿ ಆ ದುಡ್ಡಿಗೆ ಒಂದು ರೂಮು ಸಿಗುವುದೇ ಕಷ್ಟ. ಅಂದರೆ ನಗರದ ಬಾಡಿಗೆದಾರರಲ್ಲಿ ಹೆಚ್ಚಿನವರಿಗೆ 1882ರ ಕಾಯ್ದೆ ಮತ್ತು ತಾವು ಸಹಿ ಹಾಕಿದ ಕಾಗದ ಬಿಟ್ಟರೆ ಬೇರೆ ಆಸರೆಯಿಲ್ಲ. 20,000 ರೂಪಾಯಿ ವಾಪಸ್ ಪಡೆಯಲು ಸಿವಿಲ್ ದಾವೆ ಹೂಡಿ ವರ್ಷಗಟ್ಟಲೆ ಅಲೆಯುವವರು ಯಾರು? ಇಂಗ್ಲೆಂಡಿನಲ್ಲಿ 2007ರಿಂದ ಬಾಡಿಗೆ ಮುಂಗಡವನ್ನು ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯೊಂದರ ಅಡಿ ತರುವುದು ಕಡ್ಡಾಯ, ಕಡಿತದ ಬಗ್ಗೆ ತಕರಾರು ಬಂದರೆ ಕೋರ್ಟಿಗೆ ಹೋಗದೆ ಉಚಿತವಾಗಿ ತೀರ್ಮಾನ ಪಡೆಯಬಹುದು. ಅಲ್ಲಿ ಮನೆ ಬಾಡಿಗೆಗೆ ಕೊಡುವುದನ್ನು ಜನ ಬಿಟ್ಟಿಲ್ಲ.

ಬಾಡಿಗೆ ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯ, ಕೇಂದ್ರದ ಮಾದರಿ ತಾನಾಗಿ ಇಲ್ಲಿ ಜಾರಿಯಾಗುವುದಿಲ್ಲ. ನೆರೆಯ ತಮಿಳುನಾಡು 2017ರಲ್ಲೇ ತನ್ನದೇ ಹೊಸ ಕಾಯ್ದೆ ಮಾಡಿಕೊಂಡಿತು. ಕರ್ನಾಟಕವೂ ದುರಸ್ತಿಯ ಪಟ್ಟಿ, ಮುಂಗಡದ ಮಿತಿ, ಬೇಗ ತೀರ್ಪು ಕೊಡುವ ಬಾಡಿಗೆ ಪ್ರಾಧಿಕಾರ ಈ ಮೂರನ್ನೂ ಒಳಗೊಂಡ ಕಾಯ್ದೆ ತರಬೇಕು. ನೀರು, ವಿದ್ಯುತ್ತು, ಸೀಲಿಂಗಿನಂಥ ಜೀವಕ್ಕೆ ಅಪಾಯವಿರುವ ದುರಸ್ತಿಗೆ ಅದರಲ್ಲಿ ದಿನಗಳ ಗಡುವೂ ಇರಲಿ. ಕಾಯ್ದೆ ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಮಾಲೀಕರೇ, ಮುಂದಿನ ಕರಾರು ಬರೆಸುವಾಗ ಪೇಂಟಿಂಗ್ ಕಡಿತದ ಸಾಲನ್ನು ತೆಗೆಸಿ, ಯಾವ ರಿಪೇರಿ ಯಾರದೆಂದು ಅದೇ ಜಾಗದಲ್ಲಿ ಬರೆಸಿ. ಬಾಡಿಗೆದಾರರೇ, ಬೀಗದ ಕೈ ಪಡೆಯುವ ದಿನವೇ ಪ್ರತಿ ಕೋಣೆಯ, ಬಚ್ಚಲಿನ, ಮೀಟರಿನ ಫೋಟೊ ತೆಗೆದು ಮಾಲೀಕರಿಗೆ ಕಳಿಸಿ, ಸೋರಿಕೆ ಕಂಡ ದಿನವೇ ಬರಹದಲ್ಲಿ ತಿಳಿಸಿ.