ಸಿಲ್ವರ್‌ಗೆ ಸಿಕ್ಕ ಸ್ವಾತಂತ್ರ್ಯ ಹೊನ್ನೆಗೆ ಯಾಕಿಲ್ಲ?

ಕೊಡಗಿನ ಕಾಫಿ ತೋಟಗಳ ಕಾಡುಮರದ ಮಾತು ಬಂದಾಗಲೆಲ್ಲ ಜಗಳ ಹಳೆಯ ಜಾಡಿನಲ್ಲೇ ಸಾಗುತ್ತದೆ. ನಮ್ಮ ಜಮೀನಿನ ಮರ ಮಾರಲು ನಮ್ಮನ್ನು ಬಿಡಿ ಎಂದು ಬೆಳೆಗಾರರು ಕೇಳುತ್ತಾರೆ. ಬಿಟ್ಟರೆ ನಾಲ್ಕು ವರ್ಷದಲ್ಲಿ ಜಿಲ್ಲೆ ಬೋಳಾಗುತ್ತದೆ, 2018ರ ಆಗಸ್ಟ್‌ನ ಭೂಕುಸಿತ ಮರೆತುಹೋಯಿತೇ ಎಂದು ಪರಿಸರದ ಪರವಾಗಿ ನಿಂತವರು ಕೇಳುತ್ತಾರೆ. ಸರ್ಕಾರ ಇಬ್ಬರಿಗೂ ಹೂಂಗುಟ್ಟಿ ಕಡತವನ್ನು ಬೀರುವಿನಲ್ಲಿಡುತ್ತದೆ. ನಾನು ಮರ ಉಳಿಯಬೇಕು ಎನ್ನುವವರ ಪೈಕಿ. ಆ ಕಾರಣಕ್ಕೇ ಹೇಳುತ್ತಿದ್ದೇನೆ: ತೋಟದ ಕಾಡುಮರವನ್ನು ಕಡಿದು ಮಾರುವ ಹಕ್ಕು ಬೆಳೆಗಾರನಿಗೆ ಸಿಗಬೇಕು. ಅದು ಸಿಗದಿದ್ದರೆ ಮುಂದಿನ ತಲೆಮಾರಿಗೆ ತೋಟಗಳಲ್ಲಿ ನಂದಿ, ಹೊನ್ನೆ, ಮತ್ತಿ ಇರುವುದಿಲ್ಲ.

ಇದು ತಲೆಕೆಳಗಾದ ವಾದದಂತೆ ಕೇಳಿಸಬಹುದು. ತೋಟದಲ್ಲಿ ಕಳೆ ತೆಗೆಯುವ ದಿನ ಹೋಗಿ ನಿಂತು ನೋಡಿದರೆ ಹಾಗನ್ನಿಸುವುದಿಲ್ಲ. ಗಾಳಿಗೆ ಹಾರಿ ಬಂದ ಬೀಜಗಳು ಕಾಫಿ ಗಿಡಗಳ ನಡುವೆ ಮೊಳೆತು ಮೊಣಕಾಲೆತ್ತರ ಬೆಳೆದಿರುತ್ತವೆ. ಹೊನ್ನೆ ಇರುತ್ತದೆ, ಗಂಧಗರಿಗೆ ಇರುತ್ತದೆ, ಅದೃಷ್ಟವಿದ್ದರೆ ಒಂದೆರಡು ಬೀಟೆಯೂ ಇರುತ್ತದೆ. ಸಾಲು ಹಿಡಿದು ಬರುವ ಹೆಂಗಸರ ಕತ್ತಿ ಹುಲ್ಲನ್ನೂ ಇವನ್ನೂ ಒಂದೇ ಏಟಿಗೆ ಕೆಡವುತ್ತದೆ. ಸ್ವಲ್ಪ ಬಲಿತ ಹೊನ್ನೆಯ ಗಿಡವಾಗಿದ್ದರೆ ಕಡಿದ ಜಾಗದಲ್ಲಿ ಕೆಂಪು ರಸ ಒಸರುತ್ತದೆ. ಕೆಲಸದವರಿಗೆ ಗಿಡದ ಗುರುತಿಲ್ಲ ಎಂದಲ್ಲ. ಬಹಳಷ್ಟು ಸಲ ಅವರಿಗೆ ಮಾಲೀಕನಿಗಿಂತ ಚೆನ್ನಾಗಿ ಗೊತ್ತಿರುತ್ತದೆ. "ಕಾಡುಗಿಡ ಒಂದೂ ಬಿಡಬೇಡಿ" ಎಂದು ಮೇಸ್ತ್ರಿ ಬೆಳಿಗ್ಗೆಯೇ ಹೇಳಿರುತ್ತಾನೆ. ಮೇಸ್ತ್ರಿಗೆ ಮಾಲೀಕ ಹೇಳಿರುತ್ತಾನೆ. ಮಾಲೀಕನಿಗೆ ಹೇಳಿಕೊಟ್ಟಿರುವುದು ಕಾನೂನು. ಆ ಗಿಡ ಇಂದು ಕಳೆ. ಬಿಟ್ಟರೆ ಮರವಾಗುತ್ತದೆ, ಮರವಾದ ಮೇಲೆ ಅದನ್ನು ಮುಟ್ಟಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು.

1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರ ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಪಡೆಯಬೇಕು. ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ಗಾಳಿಮರ, ನೀಲಗಿರಿ, ರಬ್ಬರ್, ಸುಬಾಬುಲ್, ಸಿಲ್ವರ್ ಓಕ್ ಆ ಪಟ್ಟಿಯಲ್ಲಿವೆ. ಕೆಲವು ನಮ್ಮ ಜಾತಿಗಳೂ ಇವೆ, ಆದರೆ ಹೊರಗಿನಿಂದ ಬಂದವೂ ಪಟ್ಟಿಯಲ್ಲಿ ಬಹಳ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಕಂಬದಂತೆ ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಸಲೀಸು, ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ ಪ್ಲೈವುಡ್ ಕಾರ್ಖಾನೆಯವರು ಬಂದು ಕೊಳ್ಳುತ್ತಾರೆ. ಮಗಳ ಮದುವೆಗೋ, ಕಾಫಿ ದರ ಬಿದ್ದ ವರ್ಷದ ಬ್ಯಾಂಕ್ ಸಾಲಕ್ಕೋ ನಾಳೆಯೇ ಕಡಿದು ಹಣ ಮಾಡಬಹುದಾದ ಮರ ಒಂದು ಕಡೆ. ಎಪ್ಪತ್ತು ವರ್ಷ ಕಾದರೂ ನಿಮ್ಮದೆಂದು ಹೇಳಿಕೊಳ್ಳಲಾಗದ ಮರ ಇನ್ನೊಂದು ಕಡೆ. ಬುದ್ಧಿ ನೆಟ್ಟಗಿರುವ ರೈತ ಯಾವುದನ್ನು ನೆಡುತ್ತಾನೆ? ಪುದುಚೇರಿಯ ಫ್ರೆಂಚ್ ಸಂಸ್ಥೆ, ಪೊನ್ನಂಪೇಟೆಯ ಅರಣ್ಯ ಕಾಲೇಜುಗಳ ಸಂಶೋಧಕರು ಕೊಡಗಿನ ತೋಟಗಳನ್ನು ವರ್ಷಗಟ್ಟಲೆ ಸುತ್ತಿ ಇದನ್ನೇ ಬರೆದಿದ್ದಾರೆ: ಕಾಡುಮರದ ನೆರಳು ತೆಳುವಾಗುತ್ತಿದೆ, ಆ ಜಾಗಕ್ಕೆ ಸಿಲ್ವರ್ ಬರುತ್ತಿದೆ, ಮರದ ಹಕ್ಕಿನ ಗೊಂದಲ ಅದಕ್ಕೊಂದು ಮುಖ್ಯ ಕಾರಣ.

ಕೊಡಗಿನಲ್ಲಿ ಈ ಗೊಂದಲಕ್ಕೆ ಇನ್ನೊಂದು ಪದರವಿದೆ. ಗದ್ದೆಗೆ ಹೊಂದಿಕೊಂಡಂತೆ ಸೊಪ್ಪು, ಸೌದೆ, ಮೇವಿಗೆಂದು ಬಿಟ್ಟುಕೊಟ್ಟ ಬಾಣೆ ಜಾಗಗಳಲ್ಲಿ ಮನೆ ಕಟ್ಟಲು, ನೇಗಿಲು ಮಾಡಲು ಮರ ಬಳಸಬಹುದಿತ್ತು, ಮಾರುವಂತಿರಲಿಲ್ಲ. ಮಾರಬೇಕಾದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಬೇಕಿತ್ತು. ಬ್ರಿಟಿಷರ 1899ರ ಕೊಡಗು ಭೂಕಂದಾಯ ನಿಯಮಾವಳಿಯ ಕಾಲದ ಆ ಏರ್ಪಾಡು ಇವತ್ತಿಗೂ ಪಹಣಿಯ ಬೆನ್ನು ಬಿಟ್ಟಿಲ್ಲ. ಬೆಲೆ ಕಟ್ಟಿದ್ದು ರಿಡೀಮ್ಡ್, ಕಟ್ಟದೇ ಇದ್ದದ್ದು ಅನ್‌ರಿಡೀಮ್ಡ್. ಅಕ್ಕಪಕ್ಕದ ಎರಡು ತೋಟ, ಒಂದೇ ಮಣ್ಣು, ಒಂದೇ ಮಳೆ; ಬೇಲಿಯ ಈಚೆಗಿನ ಮರ ಮನೆಯವರದ್ದು, ಆಚೆಗಿನದು ಸರ್ಕಾರದ್ದು. ಬಾಣೆಯಲ್ಲಿ ಕಾಫಿ ಹಾಕಿ ಮೂರು ತಲೆಮಾರು ಕಳೆದಿದೆ. ಮರಗಸಿ (ಕೊಂಬೆ ಸವರುವ ಕೆಲಸ) ಮಾಡಿಸಿದವರು, ಬೇಸಿಗೆಯಲ್ಲಿ ಬೆಂಕಿ ಕಾದವರು, ಆನೆ ಬಂದರೂ ಮರ ಬಿಟ್ಟುಕೊಡದವರು ಆ ಮನೆಯವರು. ಮರದ ಬೆಲೆಯ ಪ್ರಶ್ನೆ ಬಂದಾಗ ಮಾತ್ರ ಅವರು ಪರರ ಆಸ್ತಿಯ ಕಾವಲುಗಾರರಾಗುತ್ತಾರೆ.

ಕಾನೂನು ಇಷ್ಟು ಬಿಗಿಯಾಗಿದ್ದರೂ ಮರ ಮಾರಾಟ ನಿಂತಿದೆಯೇ? ಇಲ್ಲ. ಯಾರು ಮಾರುತ್ತಾರೆ, ಯಾರು ಗಳಿಸುತ್ತಾರೆ ಎಂಬುದಷ್ಟೇ ಬದಲಾಗಿದೆ. ಅರ್ಜಿ, ಪಹಣಿ, ಸರ್ವೆ ನಕ್ಷೆ, ಕಂದಾಯದವರ ವರದಿ, ಅರಣ್ಯದವರ ಸ್ಥಳ ಪರಿಶೀಲನೆ, ಮರಕ್ಕೆ ನಂಬರು, ಸುತ್ತಳತೆಯ ಪಟ್ಟಿ, ಕಡಿದ ಮೇಲೆ ದಿಮ್ಮಿಗೆ ಮುದ್ರೆ, ಲಾರಿ ಹೊರಡಲು ರಹದಾರಿ. ಎರಡು ಎಕರೆಯವನು ಇಷ್ಟನ್ನೂ ಹಿಂಬಾಲಿಸಿ ಕಚೇರಿ ಅಲೆಯಲು ಹೋದರೆ ಅವನ ಕಾಫಿ ಕೊಯ್ಲು ಗಿಡದಲ್ಲೇ ಒಣಗುತ್ತದೆ. ನಮ್ಮ ಪಕ್ಕದ ತೋಟದಲ್ಲಿ ಆಷಾಢದ ಗಾಳಿಗೆ ಬಿದ್ದ ಒಂದು ನಂದಿ ಮರ ಎರಡು ಮಳೆಗಾಲ ಬಿದ್ದಲ್ಲೇ ಇತ್ತು. ಅದು ಉರುಳುವಾಗ ಮುರಿದ ಕಾಫಿ ಗಿಡಗಳ ಜಾಗದಲ್ಲಿ ಹೊಸ ಗಿಡ ನೆಡಲೂ ಆಗಲಿಲ್ಲ, ಮರ ತೆಗೆಯಲೂ ಆಗಲಿಲ್ಲ. ಕಾಗದ ಕೈಗೆ ಬರುವ ಹೊತ್ತಿಗೆ ತೊಗಟೆಯ ಕೆಳಗೆ ಹುಳು ಹೊಕ್ಕು, ನಾಟ ಹೋಗಿ ಸೌದೆಯ ಬೆಲೆಗೆ ಇಳಿದಿತ್ತು. ಮನೆಯ ಯಜಮಾನರು ಬೆಲೆಗಿಂತ ಹೆಚ್ಚಾಗಿ ಮರ ಕೊಳೆತದ್ದಕ್ಕೇ ನೊಂದುಕೊಂಡರು. ಆ ಮರವನ್ನು ಅವರ ತಂದೆ ಕಾಪಾಡಿದ್ದರು.

ಈ ಅಲೆದಾಟವೇ ಮರದ ವ್ಯಾಪಾರಿಯ ಬಂಡವಾಳ. "ಪರ್ಮಿಟ್ಟಿನ ಚಿಂತೆ ನಿಮಗೆ ಬೇಡ, ಅದು ನನ್ನ ಜವಾಬ್ದಾರಿ" ಎಂಬ ಒಂದು ಮಾತಿಗೆ ನಿಂತ ಮರದ ಬೆಲೆ ಪಾತಾಳಕ್ಕಿಳಿಯುತ್ತದೆ. ಡಿಪೋದಲ್ಲಿ ಘನ ಅಡಿಗೆ ಏನು ದರ ನಡೆಯುತ್ತಿದೆ ಎಂದು ಮಾಲೀಕನಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಅವನ ಕೈಯಲ್ಲಿ ಕಾಗದವಿಲ್ಲ. ಕಾಗದ ತರಬಲ್ಲವನು ಹೇಳಿದ್ದೇ ದರ. ಹೀಗಾಗಿ ಈ ಕಾಯ್ದೆ ದೊಡ್ಡ ವ್ಯಾಪಾರಿಗೆ ತೊಂದರೆಯೇ ಅಲ್ಲ, ಪೈಪೋಟಿ ಬಾರದಂತೆ ಕಾಯುವ ಬೇಲಿ.

ಪಕ್ಕದ ವಯನಾಡಿನ ಮುಟ್ಟಿಲ್‌ನಲ್ಲಿ ನಡೆದದ್ದನ್ನು ನನ್ನ ವಾದಕ್ಕೆ ವಿರುದ್ಧವಾಗಿ ಎತ್ತಿ ಹೇಳುವವರಿದ್ದಾರೆ. ಕೇರಳದ ಕಂದಾಯ ಇಲಾಖೆ 2020ರ ಅಕ್ಟೋಬರ್ 24ರಂದು ಪಟ್ಟಾ ಜಮೀನಿನಲ್ಲಿ ರೈತರು ಬೆಳೆಸಿದ ಮರ ಕಡಿಯಲು ಅವಕಾಶ ಕೊಡುವ ಆದೇಶ ಹೊರಡಿಸಿತು. ಕೆಲವೇ ತಿಂಗಳಲ್ಲಿ, 2021ರ ಫೆಬ್ರವರಿಯಲ್ಲಿ, ಅದನ್ನು ಹಿಂದಕ್ಕೆ ಪಡೆಯಿತು. ಅಷ್ಟರೊಳಗೆ ಶತಮಾನಗಳಷ್ಟು ಹಳೆಯ ಬೀಟೆ ಮರಗಳು ಬಿದ್ದಿದ್ದವು. ಬಿಟ್ಟರೆ ಹೀಗಾಗುತ್ತದೆ ನೋಡಿ ಎನ್ನುತ್ತಾರೆ. ನನಗೆ ಅಲ್ಲಿ ಕಾಣುವುದು ಬೇರೆ. ಆ ಜಮೀನುಗಳ ಮಾಲೀಕರಲ್ಲಿ ಆದಿವಾಸಿಗಳೂ ಸಣ್ಣ ರೈತರೂ ಇದ್ದರು. ಕಾಗದಪತ್ರವೆಲ್ಲ ನಾವು ನೋಡಿಕೊಳ್ಳುತ್ತೇವೆ ಎಂದು ನಂಬಿಸಿದವರು ಚಿಲ್ಲರೆ ಹಣ ಕೊಟ್ಟು ಮರ ಸಾಗಿಸಿದರು, ಕೇಸು ಬಂದಾಗ ನೋಟಿಸು ಬಂದದ್ದು ಬಡವರ ಮನೆಗೂ. ಬೀಟೆಯಂಥ ಮರ ಸರ್ಕಾರದ್ದೋ ತಮ್ಮದೋ ಎಂಬುದು ಆ ಜನಕ್ಕೆ ಎಂದೂ ಸ್ಪಷ್ಟವಿರಲಿಲ್ಲ. ಗುಟ್ಟಾದ, ಅವಸರದ, ಬಾಗಿಲು ಯಾವಾಗ ಮುಚ್ಚುತ್ತದೋ ಎಂಬ ಭಯದ ಅವಕಾಶ ಕೊಟ್ಟರೆ ದೋಚುವವನೇ ಮೊದಲು ಒಳನುಗ್ಗುತ್ತಾನೆ. ಶಾಶ್ವತವಾದ, ದಾಖಲೆಯಲ್ಲಿರುವ ಹಕ್ಕು ಇದ್ದವನು ಅವಸರ ಪಡುವುದಿಲ್ಲ. ಇವತ್ತು ಕಡಿಯದಿದ್ದರೂ ಅದು ನಾಳೆ ನನ್ನದೇ ಎಂಬ ಧೈರ್ಯ ಅವನಿಗಿರುತ್ತದೆ.

ಹಕ್ಕು ಕಿತ್ತುಕೊಂಡರೆ ಮರ ಏನಾಗುತ್ತದೆ ಎಂಬುದಕ್ಕೆ ಕನ್ನಡನಾಡಿಗೆ ಬೇರೆ ಊರಿನ ಸಾಕ್ಷಿ ಬೇಕಿಲ್ಲ. ಟಿಪ್ಪು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಆಳುವವರ ಸ್ವತ್ತಾಗಿತ್ತು. ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧವೂ ಸರ್ಕಾರದ್ದೇ. ಕಳ್ಳರು ಕಡಿದುಕೊಂಡು ಹೋದರೆ ತನಿಖೆ ಮಾತ್ರ ರೈತನ ಮನೆಯಲ್ಲಿ. ಹಿತ್ತಲಲ್ಲಿ ಗಂಧದ ಸಸಿ ಕಂಡರೆ ಕಿತ್ತೆಸೆಯುವುದೇ ಕ್ಷೇಮ ಎಂಬ ತಿಳಿವಳಿಕೆ ಹಳ್ಳಿಹಳ್ಳಿಗೂ ಹಬ್ಬಿತು. ಗಂಧದ ಗುಡಿ ಎನಿಸಿಕೊಂಡ ರಾಜ್ಯದಲ್ಲಿ ಗಂಧ ಬರಿದಾಗಿದ್ದು ಕಳ್ಳಸಾಗಣೆಯೊಂದರಿಂದಲೇ ಅಲ್ಲ, ಈ ಭಯದಿಂದಲೂ. 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು ಭೂಮಿಯ ಒಡೆಯನೇ ಗಂಧದ ಒಡೆಯ ಎಂದ ಮೇಲೆ ರೈತರು ಎಕರೆಗಟ್ಟಲೆ ಗಂಧ ನೆಡತೊಡಗಿದರು. ಬಿದಿರಿನ ಕತೆಯೂ ಹೀಗೆಯೇ. 1927ರ ಭಾರತೀಯ ಅರಣ್ಯ ಕಾಯ್ದೆ ಹುಲ್ಲಿನ ಜಾತಿಯ ಬಿದಿರನ್ನು ಮರವೆಂದು ಕರೆದು, ಅರಣ್ಯದ ಹೊರಗೆ ಬೆಳೆದದ್ದನ್ನೂ ಕಟ್ಟಿಹಾಕಿತ್ತು. ಆ ಗಂಟು ಬಿಚ್ಚಲು 2017ರವರೆಗೆ ಕಾಯಬೇಕಾಯಿತು.

ಇನ್ನು 2018ರ ಮಾತು. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಬೆಟ್ಟಗಳು ಕುಸಿದದ್ದನ್ನು ನಾನೂ ಮರೆತಿಲ್ಲ, ಎರಡು ವರ್ಷದ ಮೇಲೆ ತಲಕಾವೇರಿಯ ಗಜಗಿರಿ ಜರುಗಿದ್ದನ್ನೂ ಮರೆತಿಲ್ಲ. ಆದ್ದರಿಂದಲೇ ಈಗಿನ ಕಾಯ್ದೆಯ ಮೇಲೆ ನನ್ನ ಸಿಟ್ಟು ಹೆಚ್ಚು. ಈ ಕಾಯ್ದೆ ಮರದ ಜಾತಿ ನೋಡುತ್ತದೆ, ಮರ ನಿಂತ ನೆಲ ನೋಡುವುದಿಲ್ಲ. ಹೊಳೆಯ ದಂಡೆಯ ಮೇಲಿನ ಕಡಿದಾದ ಇಳಿಜಾರಿನಲ್ಲಿ ಒಂದೇ ವಯಸ್ಸಿನ ಐನೂರು ಸಿಲ್ವರ್ ಮರಗಳನ್ನು ಒಂದೇ ಬೇಸಿಗೆಯಲ್ಲಿ ಬುಡಸಮೇತ ಉರುಳಿಸಿ, ದಿಮ್ಮಿ ಎಳೆಯಲು ಜೆಸಿಬಿಯಲ್ಲಿ ದಾರಿ ಕೊರೆದರೂ ಕಡಿತಕ್ಕೆ ಅನುಮತಿ ಬೇಕಿಲ್ಲ. ಸಮತಟ್ಟು ಜಾಗದಲ್ಲಿ ಒಣಗಿ ನಿಂತ ಒಂದು ಮತ್ತಿ ತೆಗೆಯಲು ಬೇಕು. ಮಳೆಗಾಲದಲ್ಲಿ ಮರದ ಲಾರಿಗಳನ್ನು ನಿಲ್ಲಿಸುವ ಆದೇಶ ಬರುತ್ತದೆ, ಒಳ್ಳೆಯದೇ. ಅದು ರಸ್ತೆಯನ್ನು ಕಾಯುತ್ತದೆ, ಬೆಟ್ಟವನ್ನಲ್ಲ. ಇಳಿಜಾರು ಇಷ್ಟು ಮೀರಿದರೆ, ತೋಡು ಹೊಳೆಗಳಿಂದ ಇಷ್ಟು ದೂರದೊಳಗಿದ್ದರೆ, ಸಿಲ್ವರ್ ಆಗಲಿ ಹೊನ್ನೆಯಾಗಲಿ ಒಟ್ಟಿಗೆ ಕಡಿಯುವಂತಿಲ್ಲ ಎಂಬ ನಿಯಮ ಬರಲಿ. ಬೆಳೆಗಾರರು ಅದಕ್ಕೆ ಅಡ್ಡ ಬಂದರೆ ಅವರ ವಿರುದ್ಧವೂ ನಾನು ಬರೆಯುತ್ತೇನೆ.

ಇನ್ನೊಂದು ಭಯವಿದೆ, ಸಭೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಭಯ. ನೀಲಗಿರಿ ಜಿಲ್ಲೆಯ ಗೂಡಲೂರಿನ ಮರ ಕಡಿತದಿಂದ ಶುರುವಾದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು, ಒಡೆತನ ಯಾರದೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲ ಕಾಡೇ ಎಂದಿತು. ಲಂಗುಲಗಾಮಿಲ್ಲದ ಲೂಟಿಯನ್ನು ಆ ಆದೇಶ ತಡೆಯಿತು, ಅದರ ಋಣ ನಮ್ಮ ಮೇಲಿದೆ. ಆದರೆ ಅದರ ಹಿಂದೆಯೇ ಕರ್ನಾಟಕದಲ್ಲಿ 9.94 ಲಕ್ಷ ಹೆಕ್ಟೇರು ಡೀಮ್ಡ್ ಅರಣ್ಯ, ಅಂದರೆ ಕಾಡೆಂದೇ ಎಣಿಸುವ ಜಾಗ, ಎಂದು ಗುರುತಾಗಿ, ಇಪ್ಪತ್ತು ವರ್ಷ ಹಗ್ಗಜಗ್ಗಾಟ ನಡೆದು, 2022ರಲ್ಲಿ ಅದು 3.30 ಲಕ್ಷಕ್ಕೆ ಇಳಿಯಿತು. ಆ ಇಪ್ಪತ್ತು ವರ್ಷ ಮಲೆನಾಡಿನ ರೈತ ಕಲಿತ ಪಾಠವೆಂದರೆ ಜಮೀನಿನಲ್ಲಿ ಮರ ದಟ್ಟವಾದರೆ ಜಮೀನೇ ಕೈತಪ್ಪಬಹುದು ಎಂಬುದು. ಮರ ಬೆಳೆಸಿದವನಿಗೆ ಶಿಕ್ಷೆ, ಬೋಳು ಮಾಡಿದವನಿಗೆ ನೆಮ್ಮದಿ ಎಂಬ ಈ ಭಾವನೆಯನ್ನು ಅಳಿಸದೆ ಎಷ್ಟು ವನಮಹೋತ್ಸವ ಮಾಡಿದರೂ ಪ್ರಯೋಜನವಿಲ್ಲ.

ಕೇಂದ್ರ ಪರಿಸರ ಸಚಿವಾಲಯ 2025ರ ಜೂನ್‌ನಲ್ಲಿ ಕೃಷಿಭೂಮಿಯ ಮರ ಕಡಿತಕ್ಕೆ ಮಾದರಿ ನಿಯಮಗಳನ್ನು ರಾಜ್ಯಗಳಿಗೆ ಕಳಿಸಿದೆ. ಪೋರ್ಟಲ್‌ನಲ್ಲಿ ನೋಂದಣಿ, ಫೋಟೋ, ಆನ್‌ಲೈನ್ ಅನುಮತಿ ಎಲ್ಲ ಅದರಲ್ಲಿದೆ. ನಾನು ಸ್ವಾಗತಿಸುತ್ತೇನೆ. ಆದರೆ ಅದರ ಕಣ್ಣಮುಂದಿರುವುದು ಸಾಲಾಗಿ ನೆಟ್ಟ ನೆಡುತೋಪು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಬೆಲೆಬಾಳುವ ಮರ ನೆಟ್ಟದ್ದಲ್ಲ, ಹುಟ್ಟಿದ್ದು. ಹುಟ್ಟಿದ್ದನ್ನು ಬೆಳೆಯಲು ಬಿಟ್ಟವನಿಗೆ ನೆಟ್ಟವನಷ್ಟೇ ಹಕ್ಕು ಇರಬೇಕೆಂದು ರಾಜ್ಯದ ಕಾಯ್ದೆ ಸ್ಪಷ್ಟವಾಗಿ ಹೇಳಬೇಕು. ಅವನು ಸಸಿಯಾಗಿರುವಾಗಲೇ ಅದನ್ನು ಪಹಣಿಯಲ್ಲೋ ಪೋರ್ಟಲ್‌ನಲ್ಲೋ ಬರೆಸಿಕೊಳ್ಳಲಿ. ಹಾಗೆ ಬರೆಸಿದ ಮರಕ್ಕೆ ಮುಂದೆ ಕಡಿಯುವಾಗ ಅನುಮತಿಯ ಬದಲು ಮಾಹಿತಿ ಕೊಟ್ಟರೆ ಸಾಕು ಎಂದಾಗಲಿ. ಈಗಾಗಲೇ ಬೆಳೆದು ನಿಂತವುಗಳಿಗೆ ತೋಟದಲ್ಲಿ ಎಕರೆಗೆ ಇಷ್ಟು ಕಾಡುಮರ ಉಳಿದಿರಲೇಬೇಕು ಎಂಬ ಷರತ್ತಿರಲಿ, ಅದಕ್ಕಿಂತ ಹೆಚ್ಚಿದ್ದರೆ ಮಾರುವ ಸ್ವಾತಂತ್ರ್ಯವಿರಲಿ. ಅರ್ಜಿಗೆ ಗೊತ್ತಾದ ದಿನದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಸಿಕ್ಕಂತೆ ಎಂದು ಬರೆಯಲಿ. ಅರಣ್ಯ ಇಲಾಖೆಯ ಡಿಪೋ ಹರಾಜಿನ ದರ ಜಾತಿವಾರು ಪ್ರತಿ ತಿಂಗಳು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಇರಲಿ, ಆಗ ವ್ಯಾಪಾರಿ ಬಾಯಿಗೆ ಬಂದ ಬೆಲೆ ಹೇಳಲಾರ. ಅನ್‌ರಿಡೀಮ್ಡ್ ಬಾಣೆಯ ಮರದ ಬೆಲೆಯನ್ನು ಒಂದು ಸಲ ಲೆಕ್ಕ ಹಾಕಿ, ಕಂತಿನಲ್ಲಿ ಕಟ್ಟಿಸಿಕೊಂಡು, ಆ ಬ್ರಿಟಿಷ್ ಬಾಕಿಯನ್ನು ಮುಗಿಸಲಿ.

ಬೀಟೆಯ ವಿಷಯದಲ್ಲಿ ಮಾತ್ರ ನಾನು ಇಷ್ಟು ಉದಾರಿಯಲ್ಲ. ಅಳಿವಿನ ಅಪಾಯದ ಪಟ್ಟಿಯಲ್ಲಿರುವ ಜಾತಿ ಅದು, 2017ರಿಂದ ಅದರ ಅಂತಾರಾಷ್ಟ್ರೀಯ ವ್ಯಾಪಾರಕ್ಕೂ ಸೈಟಿಸ್ ಒಪ್ಪಂದದ ಕಡಿವಾಣವಿದೆ. ಮೂರಾಳು ತಬ್ಬುವಷ್ಟು ದಪ್ಪದ ಹಳೆಯ ಬೀಟೆಯನ್ನು ಕಡಿಯಬಾರದು ಎಂದು ಸರ್ಕಾರ ಹೇಳುವುದು ಸರಿ. ಹೇಳಿದ ಮೇಲೆ ಹಣವನ್ನೂ ಅದೇ ಕೊಡಬೇಕು. ಆ ಮರ ನಿಂತಷ್ಟು ವರ್ಷವೂ ಅದರ ಕೆಳಗೆ ಕಾಫಿ ಕಡಿಮೆ ಬೆಳೆಯುವ ಮನೆಯವರ ಖಾತೆಗೆ ವರ್ಷಕ್ಕೊಂದು ಮೊತ್ತ ಬೀಳಬೇಕು. ಕಾವೇರಿಯ ನೀರು ಕುಡಿಯುವ ಬೆಂಗಳೂರಿನ ನೀರಿನ ಬಿಲ್ಲಿಗೆ ಒಂದು ಸಣ್ಣ ಮೊತ್ತ ಸೇರಿಸಿ ಅದಕ್ಕೊಂದು ನಿಧಿ ಕಟ್ಟಬಹುದು. ಮುಂದಿನ ಬಜೆಟ್ಟಿನಲ್ಲಿ ಕೊಡಗಿನ ಶಾಸಕರು ಕೇಳಬೇಕಾದದ್ದು ಇದನ್ನು.